ಹೈಫಾಳ ಬಾಯಿಬೀಗ

ಜನವರಿ ೩, ಶನಿವಾರ

ಯಾರದು ಈ ಪುಸ್ತಕ ತೆರೆದದ್ದು? ಮುಚ್ಚು. ಅಕ್ಕಿ ಡಬ್ಬದ ಹಿಂದೆ, ತೀರಿಹೋದ ಯಜಮಾನರ ಹಳೆ ಲುಂಗಿಯಲ್ಲಿ ಸುತ್ತಿಟ್ಟದ್ದನ್ನು ಬಿಚ್ಚಿ ಓದುವಷ್ಟು ಪುರುಸೊತ್ತು ನಿನಗಿದ್ದರೆ ಆ ಅಕ್ಕಿಯಲ್ಲಿ ಕಲ್ಲಾದರೂ ಹೆಕ್ಕಬಹುದಿತ್ತು. ಇದು ಸಾಲೆತ್ತೂರಿನ ಅವ್ವಮ್ಮನ ಪುಸ್ತಕ, ಅವ್ವಮ್ಮನಿಗೆ ಮಾತ್ರ. ಅನ್ಸಾರ್, ನೀನಾದರೆ ಕೇಳು: ವಲ್ಲಾರ್ಪಾಡಂನಲ್ಲಿ ಹಡಗಿನಿಂದ ಪೆಟ್ಟಿಗೆ ಇಳಿಸುವ ದೊಡ್ಡ ಉದ್ಯೋಗ ನಿನಗಿರಬಹುದು, ಹೆತ್ತವಳ ಪೆಟ್ಟಿಗೆಗೆ ಕೈ ಹಾಕಿದರೆ ಕೈಗೆ ಸೌಟು ಬೀಳುತ್ತದೆ. ಸೊಸೆ ರಂಸೀನಳ ಹೆದರಿಕೆ ನನಗಿಲ್ಲ. ಅವಳಿಗೆ ಕನ್ನಡ ಅಕ್ಷರ ಚಕ್ಕುಲಿ ಒತ್ತಿಟ್ಟ ಹಾಗೆ ಕಾಣುತ್ತದಂತೆ. ನಮ್ಮದು ಬ್ಯಾರಿ ಮಾತು, ಅವಳದ್ದು ಮಲಯಾಳ. ಒಬ್ಬರ ಜಗಳ ಒಬ್ಬರಿಗೆ ಅರ್ಥವಾಗುವಷ್ಟು ಹತ್ತಿರದವು. ಬರೆಯಲಿಕ್ಕೆ ಮಾತ್ರ ನನಗೆ ಐದನೇ ಕ್ಲಾಸಿನವರೆಗೆ ಕಲಿತ ಈ ಕನ್ನಡವೇ ಗತಿ.

ಈಗ ವಿಷಯ. ಕ್ರಿಸ್ಮಸ್ ರಜೆಗೆ ಸೊಸೆ ನನ್ನ ಮೊಮ್ಮಗಳು ಹೈಫಾಳನ್ನು ಕರೆದುಕೊಂಡು ತಿರುವನಂತಪುರದ ತವರಿಗೆ ಹೋದಳು. ಮಗುವಿಗೆ ನಾಲ್ಕು ವರ್ಷ. ಅಲ್ಲಿ ಸೊಸೆಯ ತಾಯಿ ಸುಬೈದಾ ಬೀವಿ, ಸರ್ಕಾರಿ ಶಾಲೆಯಲ್ಲಿ ಅರಬ್ಬಿ ಟೀಚರಾಗಿ ಪೆನ್ಶನ್ ಪಡೆದ ಮಹಾತಾಯಿ, ನನ್ನ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿ, ನಾಲಿಗೆಗೆ ಜೇನು ಮುಟ್ಟಿಸಿ, ಬೆರಳು ಹಿಡಿದು ಮೊದಲ ಅರಬ್ಬಿ ಅಕ್ಷರ ಅಲಿಫ್ ಬರೆಸಿಬಿಟ್ಟಳು. ಅದರ ವೀಡಿಯೊ ಮನೆಯವರ ಗ್ರೂಪಿಗೆ ಬಂತು. ಜೇನು ಕಂಡದ್ದೇ ನಾನು ಫೋನನ್ನು ಸೋಫಾಕ್ಕೆ ಎಸೆದೆ.

ಎಲ್ಲರಿಗೂ ಹೇಳಿಟ್ಟಿದ್ದೆ. ನಮ್ಮಲ್ಲಿ ಓದು ಶುರು ಮಾಡುವುದು ಬುಧವಾರ. ಬುಧವಾರ ಕೂತದ್ದು ಅರ್ಧಕ್ಕೆ ನಿಲ್ಲುವುದಿಲ್ಲ. ಜನವರಿಯ ಮೊದಲ ಬುಧವಾರ ನಾನೇ ಮಗುವನ್ನು ಓದಿಗೆ ಕೂರಿಸುತ್ತೇನೆ ಎಂದಿದ್ದೆ. ಅದಕ್ಕೆಂದೇ ಊರಿನಿಂದ ಹಲಸಿನ ಹಲಗೆ ಹೊತ್ತು ತಂದಿದ್ದೇನೆ. ಅದರ ಮೇಲೆ ನನ್ನ ಉಮ್ಮ ನನಗೆ ಬರೆಸಿದ್ದು, ನಾನು ನನ್ನ ಮಕ್ಕಳಿಗೆ ಬರೆಸಿದ್ದು. ಮೊದಲ ಅಕ್ಷರ ಕೊಟ್ಟವರಿಗೆ ಆ ಮಗು ಜನ್ಮವಿಡೀ ಓದುವ ಒಂದೊಂದು ಅಕ್ಷರದಲ್ಲೂ ಪಾಲುಂಟು. ನಾನು ಕಬರಿನಲ್ಲಿ ಮಲಗಿದ ಮೇಲೂ ಹೈಫಾ ಓದಿದರೆ ನನಗೆ ತಲುಪಬೇಕು. ಈ ಪ್ರಾಯದಲ್ಲಿ ನಾನು ಆಸೆಪಟ್ಟದ್ದು ಅದೊಂದೇ. ಬೇರೆ ಏನು ಕೇಳಿದ್ದೆ ಇವರಲ್ಲಿ? ಆ ಪಾಲನ್ನು ಆ ಹೆಂಗಸು ಜೇನು ಬಾಟ್ಲಿ ಹಿಡಿದು ಕದ್ದಳು.

ಮಗುವಿನ ತಲೆ ಬಾಚುವಾಗ ನಾನು ಗೊಣಗುವುದುಂಟು, 'ಅಲಿಫಿಗೆ ಬೊಟ್ಟಿಲ್ಲ, ಬಾಗೆ ಅಡಿಯಲ್ಲೊಂದು ಬೊಟ್ಟು' ಎಂದು. ಅದು ಸಿಕ್ಕು ಬಿಡಿಸುವಾಗ ಮಗು ಅಳದಿರಲಿ ಅಂತ. ಅದನ್ನು ಓದು ಎನ್ನುವುದಿಲ್ಲ.

ಸೊಸೆಗೆ ಹೇಳಿದೆ, "ನಿನ್ನ ತಾಯಿಗೆ ಒಂದು ಬುಧವಾರದವರೆಗೆ ಕಾಯಲಿಕ್ಕೆ ಆಗಲಿಲ್ಲವಾ? ಬಸ್ಸು ತಪ್ಪುತ್ತಿತ್ತಾ?"

"ಉಮ್ಮಾ, ನೀವು ಅದನ್ನು ಪೂರ್ತಿ..." ಎಂದು ಶುರು ಮಾಡಿದಳು. ಕುಕ್ಕರ್ ಕೂಗಿತು, ನಾನು ಎದ್ದು ಹೋದೆ. ಅವಳ ವಿವರಣೆ ಯಾರಿಗೆ ಬೇಕು.

ಬಿಡುವುದಿಲ್ಲ. ಸುಬೈದಾ ಬೀವಿಗೆ ಹಲ್ಲು ನೋವು ಬರಲಿ ಅಂತ ದುಆ ಮಾಡಲು ಹೊರಟೆ. ಆಮೇಲೆ ಅಲ್ಲಾಹನಿಗೆ ಯಾಕೆ ಕೆಲಸ ಕೊಡುವುದು, ನಾನಿಲ್ಲವಾ ಅನ್ನಿಸಿತು.

ಜನವರಿ ೭, ಬುಧವಾರ

ಕದ್ದರೆ ಕದಿಯಲಿ, ನನ್ನ ಬುಧವಾರ ನನ್ನದು. ಮಗು ನರ್ಸರಿಯಿಂದ ಬಂದ ಮೇಲೆ ಹಲಗೆ ತೆಗೆದೆ. ಬಿಳಿ ಜೇಡಿ ಬಳಿದು ಒಣಗಿಸಿದೆ. ಅಕ್ಕಿ ಹುರಿದು ಕರಿ ಮಾಡಿ ಮಸಿ ಅರೆದೆ. ಮಗನ ಮನೆ ಇರುವ ಈ ತ್ರಿಪ್ಪುಣಿತ್ತುರದಲ್ಲಿ ಬರೆಯುವ ಒಂದು ಬಿದಿರ ಕಡ್ಡಿಗೂ ಬರಗಾಲ, ಕಡೆಗೆ ಹೊಸ ಪೊರಕೆಯ ಹಿಡಿ ಮುರಿದು ಸೀಳಿದೆ. ಕಸ ಗುಡಿಸುವಾಗ ಸೊಸೆಗೆ ಗೊತ್ತಾಗಲಿ.

ಹೈಫಾ ಹಲಗೆಯ ಮೇಲೆ ಬಗ್ಗಿ ಕೂತು ಬರೆದಳು. ಅಲಿಫ್ ನೆಟ್ಟಗೆ ಬಂತು. ಬಾ ದೋಣಿಯ ಹಾಗೆ ಬಂತು. ಅಡಿಗೆ ಬೊಟ್ಟು ಇಡುವಾಗ ನಾಲಿಗೆ ಹೊರಗೆ ಹಾಕಿಕೊಂಡಿದ್ದಳು, ಅನ್ಸಾರ್ ಹಾಕುತ್ತಿದ್ದ ಹಾಗೆಯೇ. ಆಮೇಲೆ ಹಲಗೆ ತೊಳೆದೆವು. ಅಕ್ಷರ ತೊಳೆದ ನೀರನ್ನು ಕಾಲು ತುಳಿಯುವಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೆ ಹೊಯ್ಯಬೇಕು. ಆರನೇ ಮಾಳಿಗೆಯಲ್ಲಿ ಮಣ್ಣೆಲ್ಲಿ? ಎದುರು ಮನೆಯಲ್ಲಿ ಪುತ್ತೂರಿನ ಸರೋಜಮ್ಮ ಇದ್ದಾರೆ, ಬ್ಯಾಂಕಿನವರು. ಅವರ ಬಾಗಿಲ ಬಳಿಯ ಕರಿಬೇವಿನ ಚಟ್ಟಿಗೆ ಹೊಯ್ದು ಬಂದೆ.

ಸಂಜೆ ಸೇಡಿನ ದಾರಿಯೂ ಸಿಕ್ಕಿತು. ಈ ತಿಂಗಳ ಕಡೆಯ ಆದಿತ್ಯವಾರ ಸೊಸೆಯ ಅಣ್ಣನ ಹೊಸ ಮನೆ ಒಕ್ಕಲು, ತಿರುವನಂತಪುರದಲ್ಲಿ. ಸುಬೈದಾ ಬೀವಿಯ ಜೊತೆ ಕೆಲಸ ಮಾಡಿದ ಟೀಚರುಗಳೆಲ್ಲ ಬರುತ್ತಾರೆ. ಅವರ ಮುಂದೆ ಮಗುವನ್ನು ನಿಲ್ಲಿಸಿ ಓದಿಸಿ ಹೊಗಳಿಸಿಕೊಳ್ಳದೆ ಆ ಹೆಂಗಸು ಅನ್ನ ತಿಂದಾಳಾ? ಓದಿಸಲಿ, ನೋಡುವಾ. ಮಗು ಬಾಯಿ ತೆರೆದರೆ ತಾನೇ.

ಜನವರಿ ೯, ಶುಕ್ರವಾರ

ದಿನಾ ಸಂಜೆ ಮಗ್ರಿಬ್ ನಮಾಜು ಆದ ಮೇಲೆ ಸುಬೈದಾ ಬೀವಿ ವೀಡಿಯೊ ಕಾಲ್ ಮಾಡುತ್ತಾಳೆ. ಸೊಸೆ ಕಾಕ್ಕನಾಡಿನ ಆಫೀಸಿನಿಂದ ಬಂದು ಫೋನನ್ನು ಹಾರ್ಲಿಕ್ಸ್ ಬಾಟ್ಲಿಗೆ ಒರಗಿಸಿ ಇಡುತ್ತಾಳೆ. ಅಲ್ಲಿಂದ ಆ ಹೆಂಗಸು ರಟ್ಟಿನ ತುಂಡುಗಳನ್ನು ತೋರಿಸುತ್ತಾಳೆ. ಅಲಿಫ್, ಅರ್ನಬ್, ಮೊಲದ ಚಿತ್ರ. ಬಾ, ಬತ್ತ, ಬಾತುಕೋಳಿಯ ಚಿತ್ರ. ಎಲ್ಲ ತಾನೇ ಬಿಡಿಸಿದ್ದಂತೆ. ಆ ಮೊಲಕ್ಕೆ ಕತ್ತೆಯ ಕಿವಿ.

ನಾನು ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದೆ. ಫೋನಿನಿಂದಲೇ ಕೂಗಿದಳು, "ಅವ್ವಮ್ಮತ್ತಾ, ಸುಖವಾ?"

"ಸುಖ. ಕೈಯಲ್ಲಿ ಕತ್ತಿ ಉಂಟು" ಎಂದೆ.

"ಅಯ್ಯೋ, ಜಾಗ್ರತೆ" ಎಂದಳು.

ಮಧ್ಯಾಹ್ನವೇ ಮಗುವಿಗೆ ಆಟ ಕಲಿಸಿಟ್ಟಿದ್ದೆ. ಬಾಯಿಬೀಗದ ಆಟ. ತುಟಿ ಒಟ್ಟಿಗೆ ಹಿಡಿಯುವುದು, ಬೆರಳನ್ನು ಚಾವಿಯ ಹಾಗೆ ತಿರುಗಿಸುವುದು, ಚಾವಿಯನ್ನು ಜೇಬಿಗೆ ಹಾಕುವುದು. ಮಗು ಸುಬೈದಾ ಬೀವಿಯನ್ನು ಕರೆಯುವುದು ಉಮ್ಮಾಮ, ನನ್ನನ್ನು ಬಲ್ಯುಮ್ಮ. ಉಮ್ಮಾಮ ಅಕ್ಷರ ಕೇಳಿದಾಗ ಬೀಗ. ಬೀಗ ತೆಗೆಯದೆ ಇದ್ದರೆ ಮಾರನೆ ದಿನ ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಉಪ್ಪೇರಿ.

"ಬಲ್ಯುಮ್ಮ, ಎಷ್ಟು ಹೊತ್ತು ಬೀಗ?"

"ಉಮ್ಮಾಮ ಇರುವಷ್ಟು ಹೊತ್ತು. ಯಾರು ಹೇಳಿದರೂ ತೆಗೆಯಬಾರದು."

"ನೀವು ಹೇಳಿದರೂ?"

"ಯಾರು ಹೇಳಿದರೂ."

ಸುಬೈದಾ ಬೀವಿ ಮೊಲ ತೋರಿಸಿದಳು. ಹೈಫಾ ತುಟಿ ಒತ್ತಿ, ಬೆರಳು ತಿರುಗಿಸಿ, ಚಾವಿ ಜೇಬಿಗೆ ಹಾಕಿದಳು. ಬಾತುಕೋಳಿ ತೋರಿಸಿದಳು. ಇಲ್ಲ. "ಚಕ್ಕರೆ ಮೋಳೇ, ಉಮ್ಮಾಮನ ಮೇಲೆ ಪಿಣಕ್ಕವಾ, ಮುನಿಸಾ?" ಎಂದಳು. ಇಲ್ಲ. ಬಂಗುಡೆಯ ತಲೆ ತೆಗೆಯುವಾಗ ನನಗೆ ಎಂಥ ಸಂತೋಷವಾಯಿತೆಂದರೆ ಒಂದರ ಬದಲು ಎರಡು ಹೋಳು ಹೆಚ್ಚಿಗೆ ಹುರಿದೆ.

ಜನವರಿ ೧೨, ಸೋಮವಾರ

ಇವತ್ತೂ ಬೀಗ. ಫೋನಿನಲ್ಲಿ ಆ ಹೆಂಗಸು ಹಾಡು ಹೇಳಿದಳು, ಬಾತುಕೋಳಿಯ ಹಾಗೆ ಕೂಗಿದಳು. ಪೆನ್ಶನ್ ಟೀಚರ್ ಕ್ವಾಕ್ ಕ್ವಾಕ್ ಅನ್ನುವುದನ್ನು ನೋಡಲಿಕ್ಕೆ ನನ್ನ ಯಜಮಾನರು ಇರಬೇಕಿತ್ತು.

ಹೊಟ್ಟೆ ತುಂಬಾ ಊಟ. ಗಡದ್ದು ನಿದ್ದೆ.

ಜನವರಿ ೧೬, ಶುಕ್ರವಾರ

ಸರೋಜಮ್ಮ ಬಾಗಿಲು ತಟ್ಟಿದರು. ಚಟ್ಟಿಯ ವಿಷಯಕ್ಕೆ ಜಗಳವೆಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಹೋದೆ.

"ಅವ್ವಮ್ಮ, ನನ್ನ ಕರಿಬೇವಿಗೆ ಎಂತ ಹಾಕ್ತೀರಿ ಮಾರಾಯ್ರೆ? ಮೂರು ವರ್ಷದಿಂದ ಒಣಕಲು ಕಡ್ಡಿ, ಈಗ ನೋಡಿ ಚಿಗುರು!"

"ಅಲಿಫ್, ಬಾ, ತಾ" ಎಂದೆ.

"ಅದು ಯಾವ ಗೊಬ್ಬರ?"

ಹೇಳಿದೆ. ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. "ಹಾಗಾದ್ರೆ ನನ್ನ ಬೇವು ನಿಮ್ಮ ಪುಳ್ಳಿ ಹೈಫಾಳಿಗಿಂತ ಮೊದಲು ಮದ್ರಸಾ ಪಾಸಾಗ್ತದೆ" ಎಂದರು. ಒಳ್ಳೆ ಹೆಂಗಸು. ಸೇಡಿನ ಕಥೆಯನ್ನೂ ಹೇಳಿದೆ. ಅದಕ್ಕೆ ಮಾತ್ರ ನಗಲಿಲ್ಲ. "ಮಗುವಿಗೆ ಬೀಗ ಹಾಕ್ಲಿಕ್ಕೆ ಕಲಿಸಿದ್ರಿ. ತೆಗೀಲಿಕ್ಕೆ ಕಲಿಸಿದ್ರಾ?" ಎಂದು ಕೇಳಿದರು. ಬ್ಯಾಂಕಿನವರಿಗೆ ಎಲ್ಲದರಲ್ಲೂ ಸಂಶಯ.

ಮಧ್ಯಾಹ್ನ ನನ್ನ ಹತ್ತಿರ ಎಲ್ಲವನ್ನೂ ಹೇಳುತ್ತಾಳಲ್ಲ ಮಗು! ಜೀಮ್‌ನ ಹೊಟ್ಟೆಯಲ್ಲಿ ಬೊಟ್ಟು, ಹಾ ಅಕ್ಷರಕ್ಕೆ ಹೊಟ್ಟೆ ಖಾಲಿ, ಖಾ ಅಕ್ಷರಕ್ಕೆ ತಲೆ ಮೇಲೆ. ನನ್ನ ರಾಗದಲ್ಲೇ.

ಜನವರಿ ೨೬, ಸೋಮವಾರ

ನಿನ್ನೆಯದ್ದು ಬರೆಯಬೇಕು. ಕೈಗೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಶನಿವಾರವೇ ರೈಲಿನಲ್ಲಿ ಹೋದೆವು. ಉಳಿದದ್ದು ಚಾಲೈ ಪೇಟೆಯ ಹಿಂದಿರುವ ಸುಬೈದಾ ಬೀವಿಯ ಹಳೆ ಮನೆಯಲ್ಲಿ. ಗಂಡ ಬದುಕಿದ್ದಾಗ ಆ ಪೇಟೆಯಲ್ಲಿ ಅವರಿಗೆ ಜೀರಿಗೆ, ಮೆಣಸಿನ ಸಗಟು ಅಂಗಡಿ ಇತ್ತಂತೆ. ಅಂಗಡಿ ಹೋದರೂ ಗೋಡೆಗೆ ಇನ್ನೂ ಅದರ ವಾಸನೆ ಉಂಟು. ಅಷ್ಟು ದೊಡ್ಡ ಮನೆಯಲ್ಲಿ ಅವಳೊಬ್ಬಳೇ. ಮೊಣಕಾಲು ನೋವು, ಮೆಟ್ಟಿಲು ಇಳಿಯುವಾಗ ಗೋಡೆಗೆ ಕೈ ಕೊಡುತ್ತಾಳೆ. ಎರಡೂ ರಾತ್ರಿ ಹೈಫಾ ಅವಳ ಜೊತೆಯೇ ಮಲಗಿದಳು.

ಆದಿತ್ಯವಾರ ಹೊಸ ಮನೆಯಲ್ಲಿ ಜನವೋ ಜನ. ಬಿರಿಯಾನಿ ಆದ ಮೇಲೆ, ನಾನೆಣಿಸಿದ ಹಾಗೆಯೇ ಆಯಿತು. ಟೀಚರುಗಳೆಲ್ಲ ಸೋಫಾದಲ್ಲಿ ಸಾಲಾಗಿ ಕೂತಿದ್ದರು. ಒಬ್ಬಳು ಹೇಳಿದಳು, "ಟೀಚರೇ, ಮೊಮ್ಮಗಳ ಓದು ಕೇಳಿಸಿ." ಸುಬೈದಾ ಬೀವಿ ಹೈಫಾಳನ್ನು ಕರೆದು ಕೇಳಿದಳು. ಮಗು ಎಲ್ಲರನ್ನೂ ನೋಡಿ, ತುಟಿ ಒತ್ತಿ, ಬೆರಳು ತಿರುಗಿಸಿ, ಹೊಸ ಫ್ರಾಕಿನ ಜೇಬಿಗೆ ಚಾವಿ ಹಾಕಿದಳು.

"ಟೀಚರ ಹೆಸರು ಕೇಳಿದರೆ ಇಡೀ ಶಾಲೆ ಓದುತ್ತಿತ್ತು. ಮನೆಯ ಮಗು ಓದುವುದಿಲ್ಲವಾ?" ಎಂದು ದಪ್ಪ ಕನ್ನಡಕದವಳು ನಕ್ಕಳು. ಉಳಿದವರೂ ನಕ್ಕರು. ಸುಬೈದಾ ಬೀವಿಯ ಕಿವಿ ಕೆಂಪಾಯಿತು. ನಾನು ಕಾದದ್ದು ಇದಕ್ಕೇ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಪಾಯಸವನ್ನು ಚಮಚ ಚಮಚವಾಗಿ ಚಪ್ಪರಿಸಿದೆ.

ಆಗ ಆ ಹೆಂಗಸು ಏನು ಮಾಡಿದಳು ಗೊತ್ತಾ? ನನ್ನ ಕಡೆ ಕೈ ತೋರಿಸಿದಳು. "ಇವಳ ಉಸ್ತಾದ್ ನಾನಲ್ಲ. ಅಲ್ಲಿ ಕೂತಿದ್ದಾರೆ ನೋಡಿ. ಅವ್ವಮ್ಮತ್ತಾ, ನೀವು ಕೇಳಿ, ಈಗ ಹೇಳ್ತಾಳೆ."

ಸಭೆಯೇ ನನ್ನ ಕಡೆ ತಿರುಗಿತು. ನನಗೆ ಎದೆ ಉಬ್ಬಿತು, ಸುಳ್ಳು ಯಾಕೆ ಬರೆಯಲಿ. ಎದ್ದು ಹೋಗಿ ಮಗುವಿನ ಮುಂದೆ ಕೂತೆ. "ಮೋಳೇ, ಅಲಿಫಿಗೆ?" ಎಂದೆ. ಮಗು ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಬೀಗ ತೆಗೆಯಲಿಲ್ಲ. "ಈಗ ತೆಗೆಯಬಹುದು" ಎಂದು ಕಿವಿಯಲ್ಲಿ ಹೇಳಿದೆ. ತಲೆ ಅಲ್ಲಾಡಿಸಿದಳು. ಉಪ್ಪೇರಿ ಎಂದೆ. ತಲೆ ಅಲ್ಲಾಡಿಸಿದಳು. ಯಾರು ಹೇಳಿದರೂ ತೆಗೆಯಬಾರದು ಅಂತ ನಾನೇ ಅಲ್ಲವಾ ಹೇಳಿದ್ದು. ಆಟದಲ್ಲಿ ಅವಳು ನನಗಿಂತ ನಿಯತ್ತಿನವಳು.

ಕನ್ನಡಕದವಳು ಮತ್ತೆ ನಕ್ಕಳು. ಈ ಸಲ ನನಗೆ.

ಆಮೇಲೆ ಅಡುಗೆಮನೆಯಲ್ಲಿ ಸುಬೈದಾ ಬೀವಿ ಚಹಾ ತಂದು ಕೈಗಿಟ್ಟಳು. "ಮಕ್ಕಳು ಹಾಗೇ, ಅವ್ವಮ್ಮತ್ತಾ. ಬೇಜಾರು ಮಾಡಬೇಡಿ" ಎಂದಳು. ನನ್ನನ್ನು ಸಮಾಧಾನ ಮಾಡಲಿಕ್ಕೆ ಇವಳು ಯಾರು? ಚಹಾಕ್ಕೆ ಏಲಕ್ಕಿ ಹಾಕಿದ್ದಳು. ಕುಡಿದೆ, ಆದರೆ ಚೆನ್ನಾಗಿದೆ ಅನ್ನಲಿಲ್ಲ.

ಜನವರಿ ೨೮, ಬುಧವಾರ

ಹಲಗೆ ತೆಗೆದೆ. ಹೈಫಾ ಬಾಯಿ ತೆರೆಯಲಿಲ್ಲ. ಕಡ್ಡಿಯನ್ನೂ ಹಿಡಿಯಲಿಲ್ಲ.

"ಉಮ್ಮಾಮ ಇಲ್ಲಿಲ್ಲವಲ್ಲ, ಈಗ ತೆಗಿ" ಎಂದೆ.

ತುಟಿ ಬಿಗಿಹಿಡಿದೇ ಇದ್ದಳು. ಬೇರೆ ಎಲ್ಲ ಮಾತಾಡುತ್ತಾಳೆ. ದೋಸೆ ಬೇಕು, ಬೆಕ್ಕು ಎಲ್ಲಿ, ಕಾರ್ಟೂನು ಹಾಕಿ, ಎಲ್ಲ. ಅಕ್ಷರದ ಮಾತು ಬಂದರೆ ಮಾತ್ರ ಬೀಗ.

ತೊಳೆಯಲಿಕ್ಕೆ ಹಲಗೆಯಲ್ಲಿ ಏನೂ ಇರಲಿಲ್ಲ.

ಫೆಬ್ರವರಿ ೨, ಸೋಮವಾರ

ಊಟಕ್ಕೆ ಕೂತಾಗ ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳು ಎಂದರೂ ಬೀಗ. ಸೊಸೆ ಗದರಿಸಿದಳು, ಮಗು ತಟ್ಟೆ ಬಿಟ್ಟು ಎದ್ದು ಹೋಯಿತು. ರಂಜಾನ್ ಕಳೆದು ಪೆರ್ನಾಳ್ ಹಬ್ಬ ಆದ ಮೇಲೆ ಮದ್ರಸಾ ಶುರು. ಅಲ್ಲಿ ಹೋಗಿ ಹೀಗೆ ಮಾಡಿದರೆ? ಓದುವುದೇ ಇಲ್ಲ ಅಂದರೆ? ಪಾಲು ಗೀಲು ಎಲ್ಲ ಆಮೇಲಿನ ಮಾತು. ಮೊದಲು ಮಗು ಓದಬೇಕಲ್ಲ.

ವೀಡಿಯೊ ಕಾಲ್ ಬರುತ್ತಿಲ್ಲ. "ಮಗುವಿಗೆ ಇಷ್ಟವಿಲ್ಲದಿದ್ದರೆ ಬೇಡ, ನಾನು ಒತ್ತಾಯ ಮಾಡಿದ್ದೇ ತಪ್ಪಾಯಿತು" ಎಂದು ಸುಬೈದಾ ಬೀವಿ ಮಗಳಿಗೆ ಹೇಳಿದಳಂತೆ. ಮಗ್ರಿಬ್ ಆದ ಮೇಲೆ ಹಾರ್ಲಿಕ್ಸ್ ಬಾಟ್ಲಿ ಸುಮ್ಮನೆ ನಿಂತಿರುತ್ತದೆ. ಮೀನು ಕೊಯ್ಯುವಾಗ ಯಾರ ಮೇಲೂ ಸಿಟ್ಟು ಮಾಡಲಿಕ್ಕಿಲ್ಲ. ಕತ್ತಿ ಮೊಂಡಾದ ಹಾಗೆ ಆಗುತ್ತದೆ.

ರಾತ್ರಿಯ ಊಟಕ್ಕೆ ಅನ್ಸಾರ್ ನನ್ನ ಎದುರು ಕೂತ. "ಉಮ್ಮ, ಬಾಯಿಬೀಗ ನೀವು ಕಲಿಸಿದ್ದಲ್ವಾ?"

"ಮಕ್ಕಳು ಎಲ್ಲೆಲ್ಲಿಂದಲೋ ಕಲಿಯುತ್ತವೆ" ಎಂದೆ.

"ಆ ಜೇನಿನ ವೀಡಿಯೊ ಪೂರ್ತಿ ನೋಡಿದ್ದೀರಾ?"

"ಕಳ್ಳತನವನ್ನು ಕಡೆಯವರೆಗೆ ನೋಡುವುದಕ್ಕೆ ನಾನು ಪೊಲೀಸಾ?"

ಫೋನು ಮುಂದೆ ಹಿಡಿದ. ನೋಡಿದೆ. ಜೇನು ಮುಟ್ಟಿಸಿದಳು, ಬೆರಳು ಹಿಡಿದಳು, ಅಲಿಫ್ ಎಂದಳು. ಅಷ್ಟರಲ್ಲಿ ಹೈಫಾ ಬೆರಳು ಬಿಡಿಸಿಕೊಂಡು ರಾಗ ಎಳೆದಳು: ಅಲಿಫಿಗೆ ಬೊಟ್ಟಿಲ್ಲ, ಬಾಗೆ ಅಡಿಯಲ್ಲೊಂದು ಬೊಟ್ಟು, ತಾಗೆ ನೆತ್ತಿಯಲ್ಲೆರಡು. ನನ್ನ ತಲೆ ಬಾಚುವ ರಾಗ! ಸುಬೈದಾ ಬೀವಿ ಬಾಯಿಗೆ ಕೈ ಇಟ್ಟು ನಕ್ಕಳು. ಆಮೇಲೆ ನೇರ ಫೋನನ್ನು ನೋಡಿ ಹೇಳಿದಳು: "ಅವ್ವಮ್ಮತ್ತಾ, ಇವಳ ಓದು ನಿಮ್ಮ ಕೈಯಲ್ಲಿ ಶುರುವಾಗಿಬಿಟ್ಟಿದೆ. ಮೊದಲ ಅಕ್ಷರ ನಿಮ್ಮದು. ನನ್ನದು ಜೇನು ಮಾತ್ರ."

ತಟ್ಟೆ ತೊಳೆಯಲಿಕ್ಕೆ ಹೋದೆ.

ಎಂಥ ಹೆಂಗಸು ನೋಡಿ. ಈ ಮಾತನ್ನು ವೀಡಿಯೊದ ಬಾಲದಲ್ಲಿ ಇಡುವುದಾ? ತಲೆಯಲ್ಲಿ ಇಡಬೇಕಿತ್ತು. ಒಂದು ಕಾಲ್ ಮಾಡಿ ಹೇಳಲಿಕ್ಕೆ ಏನಾಗಿತ್ತು? ನಾನು ಇಷ್ಟು ದಿನ ಇಷ್ಟು ಕಷ್ಟಪಟ್ಟು ಸೇಡು ತೀರಿಸಿದ್ದೆಲ್ಲ ಯಾರ ಲೆಕ್ಕಕ್ಕೆ? ಇದಕ್ಕೂ ಸೇರಿಸಿ ತೀರಿಸುತ್ತೇನೆ ಅವಳಿಗೆ.

ಬಾಚುವಾಗ ಹೇಳಿದ್ದು ಲೆಕ್ಕಕ್ಕೆ ಬರುತ್ತದಾ? ಬುಧವಾರ ಅಲ್ಲ, ಹಲಗೆ ಇಲ್ಲ. ಬರುತ್ತದೆ ಅಂತ ಟೀಚರೇ ಹೇಳಿದ್ದಾಳೆ. ಅವಳು ಕಲಿತವಳು.

ಫೆಬ್ರವರಿ ೬, ಶುಕ್ರವಾರ

ಸರೋಜಮ್ಮ ಬಾಗಿಲಲ್ಲೇ ಹೇಳಿದರು, "ಬೇವು ಬಾಡ್ತಾ ಉಂಟು, ಅವ್ವಮ್ಮ. ರಜೆ ಕೊಟ್ಟಿದ್ದೀರಾ?"

ಒಳಗೆ ಬಂದು ಹೈಫಾಳನ್ನು ಮಡಿಲಲ್ಲಿ ಕೂರಿಸಿ, ತಲೆ ಬಾಚುತ್ತಾ ಮೆಲ್ಲ ಕೇಳಿದೆ, "ಮೋಳೇ, ಬೀಗದ ಚಾವಿ ಎಲ್ಲಿ?"

"ಉಮ್ಮಾಮನ ತಲೆದಿಂಬಿನ ಅಡಿಯಲ್ಲಿ."

"ಯಾವಾಗ ಇಟ್ಟದ್ದು?"

"ಬಿರಿಯಾನಿ ತಿಂದ ರಾತ್ರಿ ಅಲ್ಲಿ ಮಲಗಿದಾಗ. ಫ್ರಾಕಿನ ಜೇಬು ಓಟೆ. ಬಿದ್ದು ಹೋಗ್ತದೆ ಅಂತ."

ಕಪಾಟಿನ ಚಾವಿ ತಂದು ತುಟಿಯ ಹತ್ತಿರ ತಿರುಗಿಸಿದೆ. "ಇದು ಕಪಾಟಿನದ್ದು" ಎಂದಳು. ಅನ್ಸಾರನ ಬೈಕಿನ ಚಾವಿ ತಂದೆ. "ಇದು ಉಪ್ಪನ ಬೈಕಿನದ್ದು." ಗಾಳಿಯಲ್ಲೇ ಬೆರಳು ತಿರುಗಿಸಿ, ಹೊಸ ಚಾವಿ ಮಾಡಿಸಿದೆ ಎಂದೆ. ನನ್ನ ಮುಖ ನೋಡಿದಳು. "ಬಲ್ಯುಮ್ಮ, ಅದು ಸುಳ್ಳು ಚಾವಿ" ಎಂದಳು.

ಫೋನಿನಲ್ಲಿ ಉಮ್ಮಾಮನಿಗೆ ಚಾವಿ ತೋರಿಸಲಿಕ್ಕೆ ಹೇಳುವುದಾ ಎಂದು ಕೇಳಿದೆ. ಅದು ಕೈಗೆ ಸಿಗುವುದಿಲ್ಲವಂತೆ, ಗಾಜು ಅಡ್ಡ ಬರುತ್ತದಂತೆ.

ಫೆಬ್ರವರಿ ೧೧, ಬುಧವಾರ

ಈ ಮಾತನ್ನು ಫೋನಿಗೆ ಒಮ್ಮೆಲೇ ಹೇಳಲು ನನ್ನ ನಾಲಿಗೆ ಒಪ್ಪುವುದಿಲ್ಲ. ಇಲ್ಲಿ ಬರೆದುಕೊಂಡು, ಆಮೇಲೆ ನಮ್ಮ ಮಾತಿನಲ್ಲಿ ಓದಿ ಕಳಿಸುತ್ತೇನೆ. ಅನ್ಸಾರ್ ವಾಯ್ಸ್ ಮೆಸೇಜಿನ ಗುಂಡಿ ತೋರಿಸಿಕೊಟ್ಟಿದ್ದಾನೆ.

ಸುಬೈದಾ, ಕೇಳು. ನಾನು ನಿನ್ನನ್ನು ಕ್ಷಮಿಸಿದೆ ಅಂತ ಎಣಿಸಬೇಡ. ಬುಧವಾರಕ್ಕೆ ಕಾಯದಿದ್ದದ್ದು ತಪ್ಪೇ. ಮೊಲಕ್ಕೆ ಕತ್ತೆಯ ಕಿವಿ ಬಿಡಿಸಿದ್ದೂ ತಪ್ಪೇ. ಆದರೆ ಮಗುವಿನ ಬಾಯಿಯ ಚಾವಿ ನಿನ್ನ ತಲೆದಿಂಬಿನ ಅಡಿಯಲ್ಲಿ ಉಂಟು. ನೀನು ಹುಡುಕಿದರೆ ಕಾಣುವುದಿಲ್ಲ, ಆದರೂ ಉಂಟು. ಅದನ್ನು ಜಾಗ್ರತೆಯಾಗಿ ಮುಷ್ಟಿಯಲ್ಲಿ ಹಿಡಿದು ತಾ. ಬ್ಯಾಗಿಗೆ ಹಾಕಬೇಡ, ಮಗು ಕೇಳುತ್ತಾಳೆ. ಈ ಆಟ ಯಾರು ಕಲಿಸಿದ್ದು ಎಂದು ನೀನು ಕೇಳಬಾರದು, ನಾನು ಹೇಳುವುದೂ ಇಲ್ಲ.

ಬಂದರೆ ಒಂದು ದಿನದಲ್ಲಿ ಓಡಿಹೋಗಲು ಬಿಡುವುದಿಲ್ಲ. ರಂಜಾನ್ ತಿಂಗಳಿಡೀ ಇಲ್ಲಿರಬೇಕು. ಇಲ್ಲಿ ಲಿಫ್ಟು ಉಂಟು, ನಿನ್ನ ಮೊಣಕಾಲಿಗೆ ಮೆಟ್ಟಿಲಿಲ್ಲ. ಇಫ್ತಾರಿಗೆ ದಿನಾ ನನ್ನ ಕೈಯ ಅಕ್ಕಿ ಪತ್ತಿರಿ, ನನ್ನ ಖಾರದ ಮೀನು ಸಾರು ತಿನ್ನಿಸುತ್ತೇನೆ. ಕಣ್ಣಲ್ಲಿ ನೀರು ಬರುವವರೆಗೆ. ನನ್ನ ಸೇಡು ಹಾಗೆ ತೀರಲಿ. ಹಲಗೆಯ ಒಂದು ಬದಿಗೆ ನಾನು ಕೂರುತ್ತೇನೆ, ಇನ್ನೊಂದು ಬದಿಗೆ ನೀನು ನಿನ್ನ ಮೊಲ, ಬಾತುಕೋಳಿ ಹಿಡಿದು ಕೂರು. ನಡುವೆ ಮಗು. ಪಾಲಿನ ವಿಷಯ ಅಲ್ಲಾಹ್ ನೋಡಿಕೊಳ್ಳುತ್ತಾನೆ, ಅವನಲ್ಲಿ ಕಡಿಮೆ ಬೀಳುವುದಿಲ್ಲ. ತೊಳೆದ ನೀರು ಹೊಯ್ಯಲಿಕ್ಕೆ ಎದುರು ಮನೆಯಲ್ಲಿ ಒಂದು ಕರಿಬೇವಿನ ಗಿಡ ಕಾದು ಕೂತಿದೆ.

ಬರುವಾಗ ಚಾಲೈಯಿಂದ ಆ ಚಹಾದ ಏಲಕ್ಕಿ ತಾ. ಚೆನ್ನಾಗಿತ್ತು.

ಯೋಚಿಸುತ್ತೇನೆ, ನೋಡುತ್ತೇನೆ ಎಂಬ ಟೀಚರ ಮಾತು ನನ್ನ ಹತ್ತಿರ ಬೇಡ. ಶಅಬಾನ್ ತಿಂಗಳು ಮುಗಿಯುತ್ತಾ ಬಂತು. ರಂಜಾನಿನ ಚಂದ್ರ ಕಾಣುವ ಮೊದಲು ಉತ್ತರ ಕೊಡು.